ಬಾಯ್ಲರ್ ಮನೆಯ ಕಲ್ನಾರು: ಕಟ್ಟಡ ಮುಚ್ಚಲಿಲ್ಲ, ಪೈಪನ್ನೇ ಕೋಣೆಗೆ ತಂದೆವು

ದಾವಣಗೆರೆಯ ಹಳೇ ಭಾಗದಲ್ಲಿ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಬಾಯ್ಲರ್ ಮನೆಯಲ್ಲಿ ಗಾಳಿಯಲ್ಲಿನ ಕಲ್ನಾರಿನ (ಆಸ್ಬೆಸ್ಟಾಸ್) ಎಣಿಕೆ ಕೊನೆಗೂ ಮಿಲಿಲೀಟರಿಗೆ 0.01 ನಾರಿಗಿಂತ ಕೆಳಗೆ ಬಂದು ನಿಂತಿದೆ. ಬೇರೆ ಬೇರೆ ದಿನ, ಬೇರೆ ಬೇರೆ ಮೂಲೆಯಲ್ಲಿ ಗಾಳಿ ಎಳೆಯುವ ಪಂಪು ಇಟ್ಟು ನೋಡಿದರೂ ಅದೇ. ಹಳೇ ಸ್ಟೀಮ್ ಪೈಪುಗಳ ಮೇಲಿನ ಕಲ್ನಾರಿನ ಹೊದಿಕೆ ತೆಗೆದು ಕಬ್ಬಿಣ ಬಿಡಿಸುವುದು ನಮ್ಮ ಕೆಲಸ. ಇದು ಆಗುವ ಕೆಲಸವಲ್ಲ ಎಂದವರಲ್ಲಿ ಎರಡು ಗುಂಪಿತ್ತು. ಇಡೀ ಬಾಯ್ಲರ್ ಮನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ನೆಗೆಟಿವ್ ಪ್ರೆಶರ್ (ಒಳಗಿನ ಗಾಳಿ ಹೊರಗೆ ಸೋರದಂತೆ ಸದಾ ಎಳೆತ) ಕೊಡದೆ ಒಂದು ಪೈಪನ್ನೂ ಮುಟ್ಟಕೂಡದು ಎಂದವರು ಬೆಂಗಳೂರಿನ ಸಲಹೆಗಾರರು. "ಗ್ಯಾಸ್ ಕಟರ್ ಹಚ್ಚಿದ್ರ ನಾಕ್ ದಿನದಾಗ ಮುಗೀತೈತಿ, ಇದಕ್ಯಾಕ ಇಷ್ಟು ರಾದ್ಧಾಂತ" ಎಂದವರು ಗುಜರಿ ಗುತ್ತಿಗೆದಾರರು. ನಾನು ಎರಡನ್ನೂ ಮಾಡಲಿಲ್ಲ. ಈಗ ಹುಬ್ಬಳ್ಳಿ, ಗದಗ, ಹರಿಹರದ ಕಡೆಯಿಂದ ಇದೇ ವೃತ್ತಿಯವರು ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ಕಲ್ನಾರು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಏಕೆ ಕೆಟ್ಟದ್ದು, ಮಾಸ್ಕು ಯಾವುದು, ಎರಡು ಪದರದ ಚೀಲ ಏಕೆ ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಾನು ಪರಿಸರ ಎಂಜಿನಿಯರ್. ಶುರುವಿನಲ್ಲಿ ಚಿತ್ರದುರ್ಗ, ಜಗಳೂರು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ನೋಡುತ್ತಿದ್ದೆ. ಆಮೇಲೆ ಗಲ್ಫಿನ ಹಳೇ ರಿಫೈನರಿಯೊಂದರಲ್ಲಿ ಕೆಲವು ವರ್ಷ ಪೈಪಿನ ಲ್ಯಾಗಿಂಗ್ (ಬಿಸಿ ಆರದಂತೆ ಪೈಪಿಗೆ ಹಾಕಿದ ಹೊದಿಕೆ) ತೆಗೆಸುವ ತಂಡದಲ್ಲಿದ್ದೆ. ಕೈ ಪಳಗಿದ್ದು ಅಲ್ಲಿ. ಊರಿಗೆ ಮರಳಿದ ಮೇಲೆ ಬಹಳ ಕಾಲ ಈ ವಿದ್ಯೆಗೆ ಕೆಲಸವೇ ಸಿಗಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿದು. ಗಿರಣಿಗಳು ಒಂದೊಂದಾಗಿ ನಿಂತವು, ಜಾಗ ಸೈಟುಗಳಾಯಿತು. ಆ ಬಾಯ್ಲರುಗಳ ಮೇಲಿನ ಬಿಳಿ ಪುಡಿ ಎಲ್ಲಿ ಹೋಯಿತು ಎಂದು ಕೇಳಿದವರಿಲ್ಲ. ನನಗೆ ಸಿಕ್ಕ ಈ ಗಿರಣಿಯ ಬಾಯ್ಲರ್ ಮನೆ ಮಾತ್ರ ಆಸ್ತಿ ತಗಾದೆಯಿಂದಾಗಿ ಹಾಗೇ ಉಳಿದಿತ್ತು. ತಗಾದೆ ಮುಗಿದು ಜಾಗ ಕೈಗೆ ಬಂದ ಯಜಮಾನರು ಚಿಮಣಿ ಉಳಿಸಿಕೊಂಡು ಅಲ್ಲೊಂದು ಕಲ್ಯಾಣ ಮಂಟಪ ಮಾಡಬೇಕೆಂದಿದ್ದರು.

ಒಳಗೆ ಏನಿತ್ತು ಎಂದರೆ ಇಟ್ಟಿಗೆ ಗೂಡಿನಲ್ಲಿ ಕೂತ ಹಳೇ ಲ್ಯಾಂಕಷೈರ್ ಬಾಯ್ಲರು, ಅದರಿಂದ ಸೈಜಿಂಗ್ (ನೂಲಿಗೆ ಗಂಜಿ ಹಾಕುವ) ವಿಭಾಗಕ್ಕೂ ಡೈಯಿಂಗ್ (ಬಣ್ಣ ಹಾಕುವ) ಕಡೆಗೂ ಹೋಗುವ ಸ್ಟೀಮ್ ಲೈನುಗಳು. ಎರಡು ಇಂಚಿನಿಂದ ಆರು ಇಂಚಿನವರೆಗಿನ ಪೈಪು, ಎಲ್ಲ ಸೇರಿ ಸುಮಾರು 600 ಮೀಟರ್. ಮೇಲೆ ಬಣ್ಣ ಬಳಿದ ಕ್ಯಾನ್ವಾಸ್, ಅದರಡಿ ಗಟ್ಟಿ ಗಿಲಾವು, ಒಳಗೆ ಸೀಮೆಸುಣ್ಣದಂಥ ಬಿಳಿ ಪದರ. ನೋಡಿದ ಕೂಡಲೇ ಗುರುತು ಸಿಕ್ಕಿತು: ಶೇ. 85 ಮೆಗ್ನೀಸಿಯಾ (ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿ ಪುಡಿ), ಉಳಿದ ಶೇ. 15 ಕಲ್ನಾರು. ಆ ಕಾಲದ ಬಾಯ್ಲರ್ ಮನೆಗಳಲ್ಲೆಲ್ಲ ಇದೇ. ಒದ್ದೆ ಮಾಡಿದ ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆ್ಯಸಿಡ್ ಹನಿಸಿದರೆ ಮೆಗ್ನೀಸಿಯಾ ಬುರುಬುರು ನೊರೆಯೆದ್ದು ಕರಗುತ್ತದೆ, ನಾರು ಹಾಗೇ ಉಳಿಯುತ್ತದೆ. ಆ ನಾರಿನ ಜಾತಿ ಗುರುತಿಸಲು ಅದನ್ನು ಪರಿಚಯದ ಭೂವಿಜ್ಞಾನದ ಮೇಷ್ಟ್ರೊಬ್ಬರ ಧ್ರುವೀಕೃತ ಸೂಕ್ಷ್ಮದರ್ಶಕದಡಿ 1.550 ವಕ್ರೀಭವನಾಂಕದ ದ್ರವದಲ್ಲಿಟ್ಟು ನೋಡಿದೆವು. ಕ್ರೈಸೊಟೈಲ್, ಬಿಳಿ ಕಲ್ನಾರು. ಎಲ್ಲಾ ಲೈನಿನಲ್ಲೂ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ನಮ್ಮಲ್ಲೇ ಹಿಂದಿನ ಗೋಡೆಯ ಲೈನಿಗೆ ಆಮೇಲೆ ಯಾರೋ ಗ್ಲಾಸ್ ವೂಲ್ (ಗಾಜಿನ ಎಳೆ, ಕಲ್ನಾರಲ್ಲ) ಸುತ್ತಿದ್ದರು. ಅಷ್ಟುದ್ದ ಖರ್ಚು ಉಳಿಯಿತು. ಪ್ರತಿ ತಿರುವಿಗೆ, ಪ್ರತಿ ದುರಸ್ತಿಯ ಗುರುತಿಗೆ ಒಂದೊಂದು ಮಾದರಿ ತೆಗೆಯಿರಿ. ಮಾದರಿಗೆ ಹಾಕಿದ ದುಡ್ಡು ಹತ್ತು ಪಟ್ಟಾಗಿ ಬರುತ್ತದೆ.

ಈಗ ದುಡ್ಡಿನ ಮಾತು. ಸಲಹೆಗಾರರ ಅಂದಾಜು 46 ಲಕ್ಷದ ಆಸುಪಾಸು ಇತ್ತು. ಗುಜರಿಯವರು ತದ್ವಿರುದ್ಧ. ಅವರೇ ಯಜಮಾನರಿಗೆ 7 ಲಕ್ಷ ಕೊಟ್ಟು ಎಲ್ಲವನ್ನೂ ಬಳಿದುಕೊಂಡು ಹೋಗಲು ತಯಾರಿದ್ದರು. ಒಬ್ಬರು 46 ಲಕ್ಷ ಕೇಳುತ್ತಾರೆ, ಇನ್ನೊಬ್ಬರು 7 ಲಕ್ಷ ಕೊಡುತ್ತಾರೆ. ನಡುವೆ ನಿಂತ ಯಜಮಾನರಿಗೆ ಶ್ವಾಸಕೋಶದ ಮಾತು ಹೇಳಿದರೆ ಎಷ್ಟು ಹೊತ್ತು ಕೇಳಿಯಾರು? ನಮ್ಮ ದೇಶದಲ್ಲಿ ಈ ಕೆಲಸ ಸೋಲುವುದೇ ಇಲ್ಲಿ. ಲ್ಯಾಗಿಂಗ್ ಒಳಗಿರುವ ಕಬ್ಬಿಣಕ್ಕೆ ಬೆಲೆಯಿದೆ, ಲ್ಯಾಗಿಂಗಿಗೆ ಇಲ್ಲ. ಹೊರದೇಶಗಳಲ್ಲಿ ಪೈಪನ್ನು ಸುತ್ತಿ, ಕತ್ತರಿಸಿ, ಲ್ಯಾಗಿಂಗ್ ಸಮೇತ ಹೂಳುವ ಪದ್ಧತಿಯಿದೆ. ಇಲ್ಲಿ ಕಬ್ಬಿಣ ಹೂಳುತ್ತೇವೆ ಎಂದರೆ ಬಾಗಿಲಲ್ಲೇ ಕಳಿಸುತ್ತಾರೆ. ಹೂಳಿದರೂ ರಾತ್ರೋರಾತ್ರಿ ಅಗೆದು ಸುಲಿಯುವವರು ಬರುತ್ತಾರೆ. ಹಾಗಾಗಿ ಕಬ್ಬಿಣ ಶುದ್ಧವಾಗಿ ಹೊರಬಂದು ಮಾರಾಟವಾಗಬೇಕು, ಅದರ ದುಡ್ಡೇ ಕೆಲಸವನ್ನು ಹೊರಬೇಕು. ನನ್ನ ಲೆಕ್ಕ ಇಲ್ಲಿಂದ ಶುರುವಾಯಿತು.

ಆದರೂ ಪುಸ್ತಕದ ವಿಧಾನವನ್ನೇ ಮೊದಲು ಮಾಡಿ ನೋಡಿದೆವು. ಬಾಯ್ಲರ್ ಮನೆ ಉದ್ದ 22, ಅಗಲ 14, ಎತ್ತರ 9 ಮೀಟರ್ ಹತ್ತಿರ. ಅಂದರೆ 2,700 ಘನ ಮೀಟರ್ ಮೇಲೆ. ಗಂಟೆಗೆ ಆರು ಬಾರಿ ಗಾಳಿ ಬದಲಾಗಬೇಕೆಂದರೆ 16 ಸಾವಿರ ಘನ ಮೀಟರ್ ಎಳೆಯಬೇಕು. ಅದಕ್ಕೆ ಬೇಕಾದ ಯಂತ್ರಗಳ ಬಾಡಿಗೆಯೇ ಕಣ್ಣು ಕತ್ತಲೆ ಬರಿಸುತ್ತದೆ. ಕಟ್ಟಡವೂ ಗಾಳಿ ಸೋರದಂತೆ ನಿಲ್ಲಬೇಕಲ್ಲ? ಒಡೆದ ವೆಂಟಿಲೇಟರು, ಕಲ್ಲಿದ್ದಲು ಸುರಿಯುವ ಕಿಂಡಿ, ಚಿಮಣಿಗೆ ಹೋಗುವ ಫ್ಲೂ, ಮೇಲೆ ಶೀಟಿನ ಸಂದುಗಳು. ಒಂದು ಬದಿಯ ಗೋಡೆಗೆ 200 ಮೈಕ್ರಾನಿನ ಹಾಳೆ ಹೊಡೆಸಿದೆವು. ಜೂನ್ ಗಾಳಿ ಎದ್ದ ವಾರದಲ್ಲೇ ಚಿಂದಿಯಾಯಿತು. ಮತ್ತೆ ಹೊಡೆಸಿದೆವು, ಮತ್ತೆ ಹೋಯಿತು. ಅಂಟುಪಟ್ಟಿ ಹಳೇ ಸುಣ್ಣದ ಗೋಡೆಯನ್ನು ಹಿಡಿಯುವುದೇ ಇಲ್ಲ, ಸುಣ್ಣದ ಸಮೇತ ಕಿತ್ತು ಬರುತ್ತದೆ. ಅಷ್ಟರಲ್ಲಿ ಲಕ್ಷದ ಮೇಲೆ ಕರಗಿತ್ತು. ಆಗ ಖಾತ್ರಿಯಾಯಿತು: ಕಟ್ಟಡವನ್ನು ಕೋಣೆ ಮಾಡಲು ಹೋಗಬಾರದು. ಚಿಕ್ಕ ಕೋಣೆ ಕಟ್ಟಿ ಪೈಪನ್ನೇ ಅಲ್ಲಿಗೆ ತರಬೇಕು.

ಪೈಪು ಇದ್ದಲ್ಲೇ ಇರುವಾಗ ಅದಕ್ಕೆ ಬಿಗಿಯಾಗಿ ಸ್ಟ್ರೆಚ್ ಫಿಲ್ಮ್ ಸುತ್ತುತ್ತೇವೆ. ಮಂಡಿಯಲ್ಲಿ ಬಾಕ್ಸು ಸುತ್ತುವ ಹಾಳೆಯೇ ಸಾಕು. ಒಳಗಿನ ಲ್ಯಾಗಿಂಗಿಗೆ ನಿಧಾನವಾಗಿ ನೀರು ಕುಡಿಸುತ್ತೇವೆ. ಎರಡೂವರೆ ಮೀಟರಿಗೊಂದರಂತೆ ಕತ್ತರಿಸುವ ಜಾಗ ಗುರುತಿಸಿ, ಅಷ್ಟಕ್ಕೆ ಮಾತ್ರ ಗ್ಲವ್ ಬ್ಯಾಗ್ (ಹೊರಗಿಂದಲೇ ಕೈ ಹಾಕಲು ಗವಸು ಕೂರಿಸಿದ ಪ್ಲಾಸ್ಟಿಕ್ ಚೀಲ) ಕಟ್ಟಿ ಒಂದಡಿ ಲ್ಯಾಗಿಂಗ್ ಒಳಗೇ ಬಿಡಿಸುತ್ತೇವೆ. ಎರಡೂ ಕಡೆಯ ತುದಿಗೆ ಅಂಟು ಹಚ್ಚಿ ಮುಚ್ಚಿ, ಬ್ಯಾಗನ್ನು ವ್ಯಾಕ್ಯೂಮಿನಿಂದ ಕುಗ್ಗಿಸಿ ತೆಗೆದು, ಬೋಳಾದ ಜಾಗದಲ್ಲಿ ಗರಗಸ ಹಾಕುತ್ತೇವೆ. ಬೆಂಕಿ ಬೇಡ. ಫ್ಲಾಂಜ್ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸಿದ ಅಂಚು) ಇದ್ದಲ್ಲಿ ಬೋಲ್ಟ್ ಬಿಚ್ಚಿದರೆ ಗರಗಸವೂ ಬೇಡ, ಆದರೆ ಅಲ್ಲಿ ಸಂದು ಮುಚ್ಚಲು ಹಾಕಿದ ಗ್ಯಾಸ್ಕೆಟ್ ಕೂಡ ಕಲ್ನಾರೇ ಎಂಬುದು ನೆನಪಿರಲಿ. ಚೈನ್ ಬ್ಲಾಕಿನಲ್ಲಿ ಇಳಿಸಿದ ತುಂಡು ಟ್ರಾಲಿಯ ಮೇಲೆ ಕೋಣೆಗೆ ಹೋಗುತ್ತದೆ. ಕೋಣೆಯಲ್ಲಿ ಇಬ್ಬರು ಒದ್ದೆ ಲ್ಯಾಗಿಂಗನ್ನು ಸುಲಿದು ಚೀಲಕ್ಕೆ ಹಾಕುತ್ತಾರೆ, ಕಬ್ಬಿಣವನ್ನು ತೊಳೆದು ಇನ್ನೊಂದು ಬಾಗಿಲಿಂದ ಹೊರಗೆ ಕಳಿಸುತ್ತಾರೆ.

ಹೇಳುವುದಕ್ಕೆ ಇಷ್ಟೇ. ಮಾಡುವಾಗ ಪ್ರತಿ ಹೆಜ್ಜೆಯೂ ಒಮ್ಮೆಯಾದರೂ ಕೈಕೊಟ್ಟಿದೆ.

ಗ್ಲವ್ ಬ್ಯಾಗ್ ತೆಗೆದುಕೊಳ್ಳಿ. ಹೊರದೇಶದ್ದು ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ ಬೀಳುತ್ತಿತ್ತು. ನಮಗೆ ಬೇಕಿದ್ದದ್ದು ಇನ್ನೂರರ ಮೇಲೆ. ಐದು ಲಕ್ಷ ಬರೀ ಚೀಲಕ್ಕೆ! ಊರಲ್ಲೇ ಮಾಡೋಣ ಎಂದು ಪಶುವೈದ್ಯರು ದನಗಳಿಗೆ ಗರ್ಭಧಾರಣೆ ಮಾಡಿಸುವಾಗ ಹಾಕಿಕೊಳ್ಳುವ ಭುಜದುದ್ದದ ಕೈಗವಸು ತಂದು ಪಾಲಿಥಿನ್ ಚೀಲಕ್ಕೆ ಬಿಸಿ ಅಂಟು ಹಾಕಿಸಿದೆವು. ಉದ್ದ ಸರಿ, ಬೆಲೆ ಸರಿ, ಆದರೆ ತೀರಾ ತೆಳು. ತಂತಿ ಜಾಲರಿಯ ಮೊನೆ ತಾಗಿದರೆ ಹರಿಯುತ್ತದೆ. ಅದೃಷ್ಟಕ್ಕೆ ಇದು ಗೊತ್ತಾದದ್ದು ಗ್ಲಾಸ್ ವೂಲ್ ಲೈನಿನ ಮೇಲೆ ತಾಲೀಮು ಮಾಡುವಾಗ. ಆಮೇಲೆ ಮೊಣಕೈವರೆಗಿನ ದಪ್ಪ ರಬ್ಬರ್ ಗವಸಿಗೆ ಬದಲಾದೆವು. ಬಟ್ಟೆ ಅಂಗಡಿಗಳಿಗೆ ಪ್ಲಾಸ್ಟಿಕ್ ಕವರ್ ಮಾಡಿಕೊಡುವವರೊಬ್ಬರು ಗವಸನ್ನು ಚೀಲಕ್ಕೆ ಕೂರಿಸಲು ಒಂದು ಬಳೆಯಂಥ ಜೋಡಣೆ ಕಂಡುಹಿಡಿದರು. ಅದು ಅವರ ಅನ್ನದ ದಾರಿ, ಇಲ್ಲಿ ಬರೆಯುವುದಿಲ್ಲ. ಒಂದಕ್ಕೆ 350 ರೂಪಾಯಿಯಲ್ಲಿ ಮುಗಿಯಿತು. ಕಟ್ಟಿದ ಪ್ರತಿ ಬ್ಯಾಗಿನೊಳಗೆ ಊದುಬತ್ತಿಯ ಹೊಗೆ ತುಂಬಿ ಹಿಂಡಿ ನೋಡದೆ ಕೆಲಸ ಶುರು ಮಾಡಿದ್ದಿಲ್ಲ.

ನೀರು ಕುಡಿಸುವುದೇ ಈ ಕೆಲಸದ ಜೀವಾಳ. ಮೇಲಿಂದ ಸಿಂಪಡಿಸಿದರೆ ಕ್ಯಾನ್ವಾಸ್ ಒದ್ದೆಯಾಗುತ್ತದೆ, ಒಳಗೆ ಒಣಗಿದ ಪುಡಿ ಹಾಗೇ ಇರುತ್ತದೆ. ಅಡಿಕೆ ತೋಟದ ಪಂಪಿನಂಥ ಜೋರಿನ ಒತ್ತಡ ಕೊಟ್ಟರೆ ಪುಡಿ ಎದ್ದುಬರುತ್ತದೆ. ಹರಿಹರದ ಲೇತ್ ಅಂಗಡಿಯಲ್ಲಿ 6 ಮಿ.ಮೀ. ಸ್ಟೀಲ್ ಕೊಳವೆಯ ತುದಿ ಮುಚ್ಚಿ, ಪಕ್ಕಗಳಲ್ಲಿ ಸಣ್ಣ ತೂತು ಕೊರೆಸಿ ಸೂಜಿಗಳನ್ನು ಮಾಡಿಸಿದೆ. ನಾಲ್ಕು ಮೀಟರ್ ಎತ್ತರದಲ್ಲಿ ಡ್ರಮ್ಮು, ಅಲ್ಲಿಂದ ಹನಿ ನೀರಾವರಿಯ ಸಣ್ಣ ಪೈಪು, ಪೈಪಿಗೆ ಸೂಜಿಗಳು. ಆಸ್ಪತ್ರೆಯ ಸಲೈನ್ ಹನಿಯ ಹಾಗೆ ರಾತ್ರಿಯಿಡೀ ಇಳಿಯಬೇಕು. ನಾಲ್ಕು ಮೀಟರ್ ಎಂದರೆ 0.4 ಬಾರ್ ಒತ್ತಡ, ಅದಕ್ಕಿಂತ ಹೆಚ್ಚು ಬೇಡ. ಮೊದಲ ರಾತ್ರಿ ಅರ್ಧಕ್ಕರ್ಧ ಸೂಜಿ ಮೆಗ್ನೀಸಿಯಾ ತುಂಬಿ ಕಟ್ಟಿಕೊಂಡವು. ಇನ್ನೊಂದು ಲೈನಿನಲ್ಲಿ ನೀರು ಕುಡಿದ ಲ್ಯಾಗಿಂಗ್ ಭಾರಕ್ಕೆ ಕ್ಯಾನ್ವಾಸ್ ಸೀಳಿ ಒಂದು ಮಾರುದ್ದ ಕಳಚಿ ಕೆಳಗೆ ಬಿತ್ತು. ಒದ್ದೆಯಾಗಿತ್ತು, ಕೆಳಗೆ ಹಾಳೆ ಹಾಸಿತ್ತು, ಗಾಳಿಯ ಎಣಿಕೆ ಏರಲಿಲ್ಲ. ಅಂದಿನಿಂದ ಫಿಲ್ಮ್ ಸುತ್ತದೆ ಸೂಜಿ ಚುಚ್ಚಿದ್ದೇ ಇಲ್ಲ. ತೂತುಗಳ ದಿಕ್ಕನ್ನೂ ಬದಲಿಸಿದೆ, ಆಮೇಲೆ ಕಟ್ಟಿಕೊಳ್ಳಲಿಲ್ಲ. ತೂತು ಎಷ್ಟು, ಯಾವ ಕೋನ ಎಂದು ಕೇಳಬೇಡಿ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಪುಕ್ಕಟೆ ಕೊಡಲು ಮನಸ್ಸಿಲ್ಲ.

ಬರೀ ನೀರು ಸಾಲದು, ಒಳಗಿಳಿಯಲು ಸಾಬೂನಿನಂಥದ್ದೊಂದು ಬೇಕು. ಆಮದಿನ ಡಬ್ಬಕ್ಕೆ ಸಾವಿರಗಟ್ಟಲೆ ಕೊಡಬೇಡಿ. ಗೊಬ್ಬರದ ಅಂಗಡಿಯಲ್ಲಿ ಮೆಕ್ಕೆಜೋಳ, ಹತ್ತಿಯ ಔಷಧಕ್ಕೆ ಬೆರೆಸುವ ಸ್ಪ್ರೆಡರ್ ಸಿಗುತ್ತದೆ, ಅದೂ ಅದೇ ಜಾತಿ. ಪ್ರಮಾಣ ನಿಮ್ಮ ಮಾದರಿಯ ಮೇಲೆ ನೀವೇ ಹನಿಸಿ ನೋಡಿಕೊಳ್ಳಿ. ಇನ್ನೊಂದು ಎಚ್ಚರ: ನೀರು ಹೆಚ್ಚಾದರೆ ವಿಲೇವಾರಿಯ ಬಿಲ್ಲೂ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಟನ್ನಿನ ಲೆಕ್ಕ. ನಮ್ಮ ಲ್ಯಾಗಿಂಗ್ ಒಣಗಿದ್ದಾಗ ಎರಡು ಟನ್ ಚಿಲ್ಲರೆ ಇದ್ದಿರಬೇಕು. ಕುಡಿಸಿದ ಮೇಲೆ, ಬಾಯ್ಲರ್ ಮೇಲಿನದ್ದೂ ಹಾಳೆ, ಸೂಟು, ಫಿಲ್ಟರೂ ಸೇರಿ ಏಳು ಟನ್ ದಾಟಿತು. ಹಿಂಡಿದರೆ ಹನಿ ಬೀಳಬಾರದು, ಮುರಿದರೆ ಪುಡಿ ಏಳಬಾರದು. ಆ ಹದ ಕೈಗೆ ಬರುವ ಹೊತ್ತಿಗೆ ಕಾಲು ಭಾಗದ ಕೆಲಸ ಮುಗಿದಿತ್ತು.

ಇಲ್ಲಿ ಒಂದು ಅಡ್ಡದಾರಿಯ ಪ್ರಯೋಗ ಹೇಳಲೇಬೇಕು. ಅದೇ ಗಿರಣಿಯ ಸೈಜಿಂಗ್ ವಿಭಾಗದಲ್ಲಿ ದುಡಿದ ಹಿರಿಯರೊಬ್ಬರು ಕುತೂಹಲಕ್ಕೆ ದಿನಾ ಬಂದು ಕೂರುತ್ತಿದ್ದರು. "ನೂಲಿನ ಮ್ಯಾಲಿನ ಜುಂಗು ಕುಂದ್ರಸಾಕ ನಾವು ಗಂಜೀನ ಹಾಕ್ತಿದ್ವಿ, ಇದಕ್ಕೂ ಹಾಕ್ರಿ" ಎಂದರು. ಮಾತು ಹಿಡಿಸಿತು. ಮಗ್ಗದ ಹಾಸು ಎಳೆಗೆ ಗಂಜಿ ಹಾಕುವುದೇ ಎದ್ದ ನಾರನ್ನು ಮಲಗಿಸುವುದಕ್ಕೆ. ಮೆಕ್ಕೆಜೋಳದ ಪಿಷ್ಟ ಕುದಿಸಿ ಕತ್ತರಿಸಿದ ತುದಿಗಳಿಗೆ ಬಳಿದು ನೋಡಿದೆವು. ಎರಡು ದಿನ ಬಲು ಚಂದ ಕೂತಿತು. ಮೂರನೆಯ ದಿನ ಬೂಷ್ಟು, ಆಮೇಲೆ ಇರುವೆ ಸಾಲು, ಕೊನೆಗೆ ಇಲಿ ಬಂದು ಚೀಲ ಕಡಿಯಿತು. ಕಲ್ನಾರಿನ ಚೀಲವನ್ನು ಇಲಿ ಕಡಿಯುವುದೆಂದರೆ ಸಣ್ಣ ವಿಷಯವಲ್ಲ. ಅಲ್ಲಿಗೇ ನಿಲ್ಲಿಸಿ ಮರಗೆಲಸದ ಬಿಳಿ ಅಂಟನ್ನು ತೆಳು ಮಾಡಿ ಹಚ್ಚಿದೆವು, ನಿಂತಿತು. ಆದರೂ ಹಿರಿಯರ ತರ್ಕ ಸರಿಯಾಗಿಯೇ ಇತ್ತು, ಸೋತದ್ದು ಪಿಷ್ಟ.

ಕೋಣೆಯ ವಿಚಾರ. ಆರು ಮೀಟರ್ ಉದ್ದ, ಮೂರೂವರೆ ಅಗಲ, 2.7 ಎತ್ತರ. ಚೌಕಟ್ಟು ಕಬ್ಬಿಣದ ಚೌಕ ಪೈಪಿನದು, ಗೋಡೆಗೆ 200 ಮೈಕ್ರಾನ್ ಹಾಳೆ ಎರಡು ಪದರ, ನೆಲಕ್ಕೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಹಾಳೆ. ಈ ಹಾಳೆ ಚಿತ್ರದುರ್ಗ ಸೀಮೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಪೈಪ್ ಬಿದ್ದರೂ ಹರಿಯುವುದಿಲ್ಲ. 57 ಘನ ಮೀಟರಿನ ಕೋಣೆಗೆ ಗಂಟೆಗೆ ಸಾವಿರದ ಮೇಲೆ ಘನ ಮೀಟರ್ ಎಳೆಯುವ ಬ್ಲೋಯರ್, ಅದರ ಮುಂದೆ ಔಷಧ ಕಾರ್ಖಾನೆಗಳಿಗೆ ಹೋಗುವ, ಅತಿ ಸಣ್ಣ ಧೂಳನ್ನೂ ಹಿಡಿಯುವ ಎಚ್13 ಹೆಪಾ ಫಿಲ್ಟರ್. ಕಟ್ಟಡ ಮುಚ್ಚಿದ್ದರೆ ಗಂಟೆಗೆ ಆರು ಬಾರಿ ಬದಲಾಗುತ್ತಿದ್ದ ಗಾಳಿ ಇಲ್ಲಿ ಇಪ್ಪತ್ತರ ಹತ್ತಿರ ಬದಲಾಗುತ್ತದೆ, ಅದೂ ಪುಟ್ಟ ಮೋಟಾರಿನಲ್ಲಿ. ಇದನ್ನು ಸಲಹೆಗಾರರಿಗೆ ತೋರಿಸಿದಾಗ ಅವರು ಹೆಚ್ಚು ಮಾತಾಡಲಿಲ್ಲ.

ಫಿಲ್ಟರ್ ಪೆಟ್ಟಿಗೆಯನ್ನು ಹರಿಹರದಲ್ಲೇ ಬೆಸುಗೆ ಹಾಕಿಸಿದೆ. ಕ್ಲೀನ್ ರೂಮ್ ಪರೀಕ್ಷೆ ಮಾಡುವವರನ್ನು ಬೆಂಗಳೂರಿಂದ ಕರೆಸಿ ಎಣ್ಣೆ ಮಂಜಿನ ಸೋರಿಕೆ ಪರೀಕ್ಷೆ ಮಾಡಿಸಿದರೆ ಫಿಲ್ಟರ್ ಚೊಕ್ಕ, ಪೆಟ್ಟಿಗೆ ಸೋರುತ್ತಿತ್ತು. ಬೆಸುಗೆಯ ಬಿಸಿಗೆ ಅಂಚು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ದಪ್ಪ ನಿಯೋಪ್ರಿನ್ ಗ್ಯಾಸ್ಕೆಟ್ ಹಾಕಿ ಮತ್ತೆ ಕರೆಸಿದೆ. ಸೋರಿಕೆ ಶೇ. 0.01ರ ಮಿತಿಯೊಳಗೆ ಬಂತು. ಎರಡು ಸಲದ ಅವರ ಖರ್ಚು ಫಿಲ್ಟರಿನ ಬೆಲೆಗಿಂತ ಹೆಚ್ಚಾಯಿತು, ಆದರೆ ಈ ಪರೀಕ್ಷೆಯಿಲ್ಲದ ಹೆಪಾ ಬರೀ ಹೆಸರಿಗೆ. ಒತ್ತಡ ಅಳೆಯಲು ದುಬಾರಿ ಮೀಟರ್ ಕೊಳ್ಳಲಿಲ್ಲ. ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ತುಂಬಿ ಹತ್ತಕ್ಕೊಂದು ಇಳಿಜಾರಿನಲ್ಲಿ ಹಲಗೆಗೆ ಕಟ್ಟಿದರೆ 5 ಪ್ಯಾಸ್ಕಲ್ ಎಂದರೆ 5 ಮಿ.ಮೀ. ಜರುಗುತ್ತದೆ, ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿ ಎಂಟರಿಂದ ಹನ್ನೆರಡರ ನಡುವೆ ನಿಲ್ಲುತ್ತಿತ್ತು. ಕರೆಂಟ್ ಹೋದರೆ? ಬ್ಲೋಯರ್ ಬಾಯಿಗೆ ರಬ್ಬರ್ ಹಾಳೆಯ ಕವಾಟ ಕಟ್ಟಿದ್ದೆವು, ಎಳೆತ ನಿಂತ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಜನರೇಟರ್ ಹಿಡಿಯುವವರೆಗೆ ಒಳಗಿನವರು ಕೈಬಿಟ್ಟು ನೀರು ಸಿಂಪಡಿಸುತ್ತಾ ನಿಲ್ಲಬೇಕು, ಅದೇ ನಿಯಮ. ತೊಳೆದ ನೀರು 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಚೀಲ ಫಿಲ್ಟರ್ ದಾಟಿ ಮತ್ತೆ ಡ್ರಮ್ಮಿಗೇ ಹೋಗುತ್ತಿತ್ತು. ಚರಂಡಿಗೆ ಬಿಟ್ಟಿಲ್ಲ.

ಜನರ ವಿಷಯದಲ್ಲಿ ನಾನು ಹಟಮಾರಿ. ಎಂಟು ಜನರ ತಂಡ. ಅರ್ಧ ಮುಖದ ರಬ್ಬರ್ ಮಾಸ್ಕು, ಪಿ100 ಫಿಲ್ಟರು. ಎನ್95 ಹಾಕಿಕೊಂಡು ಈ ಕೆಲಸಕ್ಕೆ ಬರುವವರನ್ನು ವಾಪಸ್ ಕಳಿಸಿ. ಗಡ್ಡ ಬೋಳಿಸಲೇಬೇಕು. ಸ್ಯಾಕರಿನ್ ಮಂಜು ಬಿಟ್ಟು ಸಿಹಿ ತಾಗುತ್ತದಾ ಎಂದು ಪ್ರತಿಯೊಬ್ಬರಿಗೂ ಮಾಸ್ಕ್ ಪರೀಕ್ಷೆ ಮಾಡಿದೆವು. ಇಬ್ಬರಿಗೆ ಮುಖದ ಆಕಾರಕ್ಕೆ ಬೇರೆ ಅಳತೆ ತರಿಸಬೇಕಾಯಿತು. ಏಪ್ರಿಲ್ ಬಿಸಿಲಲ್ಲಿ ಶೀಟಿನಡಿ ಸೂಟು ಹಾಕಿ ನಿಲ್ಲುವುದು ನರಕ. ಬೆಳಿಗ್ಗೆ ಐದೂವರೆಗೆ ಶುರು, ಹತ್ತಕ್ಕೆ ಕೋಣೆ ಬಂದ್. ನಡುವೆ ಹೊರಬಂದು ಸ್ನಾನ, ಮಜ್ಜಿಗೆ. ಗುಜರಿಯವರ ಹುಡುಗರು ಬೇಲಿಯಾಚೆ ನಿಂತು ನಗುತ್ತಿದ್ದರು. ಅದರಲ್ಲಿಬ್ಬರು ಆಮೇಲೆ ನಮ್ಮ ತಂಡಕ್ಕೇ ಸೇರಿದರು. ಕೂಲಿ ಅಲ್ಲಿಗಿಂತ ಒಂದೂವರೆ ಪಟ್ಟು ಕೊಟ್ಟೆ, ಶುರುವಿಗೆ ಮುಂಚೆ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಮಾಡಿಸಿದೆ. ಕಲ್ನಾರಿನ ಕಾಯಿಲೆ ಇಪ್ಪತ್ತು, ನಲವತ್ತು ವರ್ಷ ಬಿಟ್ಟು ಬಾಗಿಲು ತಟ್ಟುತ್ತದೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು 40 ವರ್ಷವಾದರೂ ಇಡಬೇಕೆಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಆಫೀಸು ಅಷ್ಟು ವರ್ಷ ಇರುತ್ತದೋ ಇಲ್ಲವೋ, ಒಂದೊಂದು ಪ್ರತಿಯನ್ನು ಅವರವರ ಕೈಗೇ ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ.

ಎಲ್ಲ ಮುಗಿಯಿತು ಎನ್ನುವಾಗ ಎದುರಾದದ್ದು ಹತ್ತಿ. ಕೋಣೆ ಬಿಚ್ಚುವ ಮುಂಚೆ ಬಾಯ್ಲರ್ ಮನೆಯ ಗಾಳಿ ಎಳೆದು ಎಣಿಸಿದರೆ 0.06. ಕೆಲಸ ನಡೆಯುತ್ತಿದ್ದಾಗಲೂ ಇಷ್ಟಿರಲಿಲ್ಲ! ಸುದ್ದಿ ಹೊರಗೆ ಹೋಗಿ "ನಾವು ಹೇಳಿರಲಿಲ್ಲವೇ" ಎಂದವರೂ ಇದ್ದರು. ಸ್ಲೈಡನ್ನು ನಾನೇ ಕೂತು ನೋಡಿದೆ. ತಿರುಚಿಕೊಂಡ ದಪ್ಪ ನಾರುಗಳೇ ಹೆಚ್ಚು. ನಾವು ಮಾಡು ತೊಳೆಯಲು ಅಟ್ಟಣಿಗೆ ಹತ್ತಿದಾಗ ತೊಲೆಗಳ ಮೇಲೆ ದಶಕಗಳಿಂದ ಕೂತಿದ್ದ ಹತ್ತಿಯ ಜುಂಗು ಉದುರಿತ್ತು. ನಾರು ಎಣಿಸಲು ಬಳಸುವ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕಕ್ಕೆ ಹತ್ತಿಯೂ ಒಂದೇ, ಕಲ್ನಾರೂ ಒಂದೇ. ಪ್ರಯೋಗಾಲಯದವರು ಎಣಿಸಿದ್ದು ಅಮೆರಿಕದ ನಯೋಶ್ ಸಂಸ್ಥೆಯ 7400ನೇ ವಿಧಾನದ ಎ ನಿಯಮದಲ್ಲಿ. ಅದರಲ್ಲಿ ಉದ್ದ 5 ಮೈಕ್ರಾನ್ ಮೀರಿ, ಅಗಲಕ್ಕಿಂತ ಮೂರು ಪಟ್ಟಿದ್ದರೆ ಸಾಕು, ದಪ್ಪಕ್ಕೆ ಮೇಲ್ಮಿತಿಯಿಲ್ಲ. 3 ಮೈಕ್ರಾನಿಗಿಂತ ತೆಳುವಾದದ್ದನ್ನು ಮಾತ್ರ ಎಣಿಸುವ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಕ್ಕೆ ಹೋದರೆ ಎಣಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೂ ಹತ್ತಿಯ ಸಿಪ್ಪೆಯೆದ್ದ ಎಳೆಗಳು ಉಳಿದವು. ನಿಯಮ ಬದಲಿಸಿ ಗೆದ್ದರು ಎನಿಸಿಕೊಳ್ಳುವುದು ನನಗೂ ಬೇಡವಾಗಿತ್ತು.

ಹತ್ತಿ ಸುಡುತ್ತದೆ, ಕಲ್ನಾರು ಸುಡುವುದಿಲ್ಲ. ಹಾಗಾದರೆ ಗಾಳಿಯ ಮಾದರಿ ಹಿಡಿದ ಫಿಲ್ಟರನ್ನೇ ಸುಟ್ಟು ಉಳಿದ ಬೂದಿಯನ್ನು ನೀರಿನಲ್ಲಿ ಕದಡಿ ಹೊಸ ಫಿಲ್ಟರಿಗೆ ಇಳಿಸಿ ಎಣಿಸೋಣ ಎಂದು ಮಫಲ್ ಕುಲುಮೆ ಹುಡುಕಿದೆ. ಮೊದಲ ಫಿಲ್ಟರ್ ಬುಸ್ ಎಂದು ಹತ್ತಿಕೊಂಡು ಬೂದಿ ಹಾರಿಹೋಯಿತು, ಆ ಫಿಲ್ಟರಿನ ಸೆಲ್ಯುಲೋಸ್ ಎಸ್ಟರಿನಲ್ಲಿ ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಇರುತ್ತದೆ. ಅಸಿಟೋನ್ ಆವಿಯಲ್ಲಿ ಫಿಲ್ಟರನ್ನು ಮೊದಲು ಕುಗ್ಗಿಸಿ, ಬಿಸಿಯನ್ನು ತಾಸುಗಟ್ಟಲೆ ನಿಧಾನ ಏರಿಸಿ 450 ಡಿಗ್ರಿಯಲ್ಲಿ ನಿಲ್ಲಿಸಿದಾಗ ಕೂತಿತು. ಅದಕ್ಕಿಂತ ಬಹಳ ಮೇಲೆ ಹೋದರೆ ಕ್ರೈಸೊಟೈಲ್ ತನ್ನ ರಚನೆಯನ್ನೇ ಬಿಡುತ್ತದೆ, ಹುಷಾರು. ಖಾಲಿ ಫಿಲ್ಟರನ್ನೂ ಜೊತೆಗೆ ಸುಟ್ಟು ಹೋಲಿಸಿದೆವು. ತೊಲೆಗಳನ್ನೆಲ್ಲ ಎಚ್ ದರ್ಜೆಯ (ಅಪಾಯಕಾರಿ ಧೂಳಿಗೆಂದೇ ಇರುವ) ವ್ಯಾಕ್ಯೂಮಿನಲ್ಲಿ ಎಳೆಸಿದ ಮೇಲೆ ಮತ್ತೆ ಗಾಳಿ ತೆಗೆದೆವು. ಸುಡದೆ ಎಣಿಸಿದರೂ, ಸುಟ್ಟು ಎಣಿಸಿದರೂ 0.01ರ ಕೆಳಗೆ. ಹತ್ತಿಯ ಊರಿನಲ್ಲಿ ಕಲ್ನಾರು ಎಣಿಸುವವರು ಈ ಮಾತು ಗಂಟು ಹಾಕಿಕೊಳ್ಳಿ.

ವಿಲೇವಾರಿಗೆ ದಾಬಸ್‌ಪೇಟೆ ಬಳಿಯ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೇ ಹೋಗಬೇಕು, ಇಲ್ಲಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯ 15ನೇ ಕ್ರಮಾಂಕದಲ್ಲಿ ಎಸೆದ ಕಲ್ನಾರು ಇದೆ, ಆದರೆ ಅದಿರುವುದು ಕಲ್ನಾರು ತಯಾರಿಕೆಯ ತಲೆಬರಹದಡಿ. ಹಳೇ ಕಟ್ಟಡದ್ದು ಇದಕ್ಕೆ ಸೇರುತ್ತದಾ ಎಂದು ಹಿಂದೆಮುಂದೆ ನೋಡುವವರು ಸಿಗುತ್ತಾರೆ. ಸೇರುತ್ತದೆ ಎಂದೇ ಬರೆದುಕೊಡಿ, ವಾದ ಬೇಡ. ಏಳು ಬಣ್ಣದ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ಪ್ರತಿಗಳನ್ನು ಮೊದಲೇ ತುಂಬಿಡಿ. ಲಾರಿಯನ್ನು ಅರ್ಧ ತುಂಬಿಸಿ ಕಳಿಸಬೇಡಿ, ಬಾಡಿಗೆ ವಿಲೇವಾರಿಯ ದರವನ್ನೇ ಮೀರುತ್ತದೆ. 90 ದಿನಕ್ಕಿಂತ ಹೆಚ್ಚು ದಾಸ್ತಾನು ಇಡುವಂತಿಲ್ಲ, ಹಾಗಾಗಿ ಕೆಲಸದ ವೇಗವನ್ನು ಲಾರಿಯ ಲೆಕ್ಕಕ್ಕೆ ಹೊಂದಿಸಿಕೊಂಡೆವು.

ಒಟ್ಟು ಖರ್ಚು ನೆನಪಿದ್ದಂತೆ 17 ಲಕ್ಷದ ಒಳಗೆ, ನನ್ನ ಶುಲ್ಕ ಬಿಟ್ಟು. ಅದರಲ್ಲಿ ಕೂಲಿ ಐದು ಲಕ್ಷ, ಸಾಗಣೆ ಮತ್ತು ವಿಲೇವಾರಿ ಎರಡು ಲಕ್ಷದ ಮೇಲೆ, ಮಾಸ್ಕು ಸೂಟಿಗೆ ಎರಡರ ಹತ್ತಿರ, ವ್ಯಾಕ್ಯೂಮ್ ಒಂದಕ್ಕೇ ಲಕ್ಷದ ಮೇಲೆ. ಬಾಯ್ಲರಿನದ್ದೂ ಸೇರಿ ಮೂವತ್ತು ಟನ್ ಹತ್ತಿರ ಶುದ್ಧ ಕಬ್ಬಿಣ, ಕಿಲೋಗೆ 31ರಿಂದ 33 ರೂಪಾಯಿ. ಗನ್‌ಮೆಟಲ್ ವಾಲ್ವುಗಳು ಬೇರೆ ಒಂದೂವರೆ ಲಕ್ಷದ ಮೇಲೆ ತಂದವು. ಯಜಮಾನರ ಕೈಗೆ ಹನ್ನೊಂದು ಲಕ್ಷದಷ್ಟು ಮರಳಿತು. 7 ಲಕ್ಷ ಕೊಡುತ್ತೇವೆ ಎಂದಿದ್ದ ಗುಜರಿಯವರೇ ತೊಳೆದ ಕಬ್ಬಿಣಕ್ಕೆ ಹೆಚ್ಚು ದರ ಕೂಗಿ ಕೊಂಡರು.

ಮಾಡಿನ ಕಲ್ನಾರು ಸಿಮೆಂಟ್ ಶೀಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತು. ಸುತ್ತಿಗೆ ಬೇಡ, ತುಕ್ಕು ಹಿಡಿದ ಜೆ ಬೋಲ್ಟಿನ ನಟ್ಟನ್ನು ಸೀಳುವ ಸಾಧನ ತನ್ನಿ, ಮೂರು ಮೀಟರಿನ ಶೀಟು 40 ಕೆ.ಜಿ. ಮೇಲಿರುತ್ತದೆ, ನಾಲ್ಕು ಕೈ ಬೇಕು. ಆಷಾಢದಲ್ಲಿ ಮಾತ್ರ ಮುಟ್ಟಬೇಡಿ. ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಗಾಳಿಯಂತ್ರಗಳು ಕಾಣುವಷ್ಟು ಹತ್ತಿರದ ಒಂದು ಶೆಡ್ಡಿನಲ್ಲಿ ನಾವು ಸಿಂಪಡಿಸಿದ ನೀರು ಶೀಟಿಗೆ ಇಳಿಯುವ ಮುಂಚೆಯೇ ಆರಿಹೋಗುತ್ತಿತ್ತು. ಗಾಳಿ ಇಳಿಯುವ ನಸುಕಿನ ಎರಡು ತಾಸು ಮಾತ್ರ ಕೆಲಸ ಮಾಡಿ ಮುಗಿಸಿದೆವು.

ಅದೇ ಊರಿನ ಒಂದು ಹಳೇ ತೊಟ್ಟಿ ಮನೆಯಲ್ಲಿ ಸೀಸದ ಬಣ್ಣದ್ದೂ ಒಂದು ಪ್ರಯೋಗವಾಯಿತು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಎನಾಮೆಲ್ ಕಂಡರೆ ನಾನು ಸೀಸ ತಾಗಿದರೆ ಕೆಂಪಾಗುವ ರೊಡಿಜೊನೇಟ್ ಹಚ್ಚಿ ನೋಡುತ್ತೇನೆ, ಅಲ್ಲಿ ಕಡುಗೆಂಪಾಯಿತು. ಬಡಗಿ ಬ್ಲೋ ಲ್ಯಾಂಪ್ ಹಿಡಿದು ನಿಂತಿದ್ದ, ತೊಟ್ಟಿಲ ಕೂಸೊಂದು ಪಕ್ಕದ ಕೋಣೆಯಲ್ಲಿತ್ತು. ಲ್ಯಾಂಪ್ ಆರಿಸಿ, ಸುಣ್ಣ ಮತ್ತು ಕಾಸ್ಟಿಕ್ ಸೋಡಾದ ಲೇಪ ಹಚ್ಚಿ ಹಾಳೆ ಮುಚ್ಚಿ ಬಿಟ್ಟೆವು. ಬಣ್ಣ ಪದರಪದರವಾಗಿ ಒದ್ದೆಯಾಗಿಯೇ ಎದ್ದು ಬಂತು, ಆದರೆ ತೇಗ ಕಪ್ಪಾಯಿತು. ವಿನೆಗರ್, ಆಮೇಲೆ ಆಕ್ಸಾಲಿಕ್ ಆಮ್ಲದಲ್ಲಿ ತೊಳೆದ ಮೇಲೆ ಬಹುಪಾಲು ತಿಳಿಯಾಯಿತು. ಕೆತ್ತನೆಯ ಸಂದುಗಳಲ್ಲಿ ಕಪ್ಪು ಉಳಿದಿದೆ. ಮನೆಯವರು ಒಪ್ಪಿಕೊಂಡರು, ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಕೋಣೆಯ ಚೌಕಟ್ಟು, ಬ್ಲೋಯರ್ ಎಲ್ಲ ಈಗ ಬಿಚ್ಚಿ ತೊಳೆದು ಇಟ್ಟಿದ್ದೇನೆ. ಮುಂದಿನದು ಚಳ್ಳಕೆರೆಯ ಹಳೇ ಎಣ್ಣೆ ಗಿರಣಿಯೊಂದರದು. ಅಲ್ಲಿನ ಒಂದು ಲೈನಿನಲ್ಲಿ ಕಂದು ಕಲ್ನಾರು ಸಿಕ್ಕಿದೆ, ಅದು ನೀರನ್ನು ಸುಲಭಕ್ಕೆ ಕುಡಿಯುವುದಿಲ್ಲ. ನಮ್ಮ ಹಳೇ ಮಿಶ್ರಣದ ಹನಿ ಅದರ ಮೇಲೆ ಹಾಗೇ ಗುಂಡಗೆ ಕೂತುಬಿಟ್ಟಿತು. ಬಾಟಲಿಯಲ್ಲಿ ಮುಚ್ಚಿಟ್ಟ ಚೂರುಗಳ ಮೇಲೆ ಈಗ ಹೊಸ ಮಿಶ್ರಣ ನೋಡುತ್ತಿದ್ದೇನೆ, ಇತ್ತೀಚಿನದ್ದು ಅರ್ಧ ತಾಸಿಗೆ ಒಳಗಿಳಿದಿದೆ. ದಸರೆಯ ಹೊತ್ತಿಗೆ ಕೆಲಸ ಹಿಡಿಯುತ್ತೇವೆ. ಬಂದು ನೋಡಬೇಕೆನ್ನುವವರು ನೋಡಬಹುದು, ನಿಮ್ಮ ಮುಖಕ್ಕೆ ಪರೀಕ್ಷೆಯಾದ ಮಾಸ್ಕು ನೀವೇ ತನ್ನಿ, ಗಡ್ಡ ಬೋಳಿಸಿಕೊಂಡು ಬನ್ನಿ.